ಕೊಳಲು ಕಲಿಯಲು ಬಸ್ಸು ಹತ್ತಲೇಬೇಕೆ?

ನಮ್ಮ ಕಡೆಯ ಸಂಗೀತ ಸಭೆಗಳ ವೇದಿಕೆಯಲ್ಲಿ, ನವರಾತ್ರಿಯ ಭಾಷಣಗಳಲ್ಲಿ, ಮದುವೆ ಊಟದ ಪಂಕ್ತಿಯಲ್ಲಿ ಈಚೆಗೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ: ಆನ್‌ಲೈನಿನಲ್ಲಿ ಬೇರೇನು ಬೇಕಾದರೂ ಕಲಿಯಬಹುದು, ಸಂಗೀತ ಆಗದು, ಅದರಲ್ಲೂ ಕೊಳಲು ಆಗಲೇ ಆಗದು. ವಿದ್ವಾಂಸರು ಇದನ್ನು 'ಗುರುಮುಖೇನ' ಎಂಬ ಗಟ್ಟಿ ಮಾತು ಸೇರಿಸಿ ಹೇಳುತ್ತಾರೆ. ಅಂಗಡಿ ಜಗಲಿಯಲ್ಲಿ ಕೂತವರು "ಮೊಬೈಲ್ ಕಂಡ್ಕಂಡ್ ಕೊಳಲ್ ಕಲೂಕ್ ಆತ್ತಾ ಮಾಣಿ?" ಎಂದು ನಗುತ್ತಾರೆ. ಇಬ್ಬರದೂ ಒಂದೇ ತೀರ್ಪು. ಅದು ತಪ್ಪು ತೀರ್ಪು. ಕುಂದಾಪುರ, ಬೈಂದೂರು, ಬ್ರಹ್ಮಾವರದ ಮಕ್ಕಳ ಮಟ್ಟಿಗಂತೂ ಅನ್ಯಾಯದ ತೀರ್ಪು.

ಮೊದಲೇ ಒಂದು ಗೆರೆ ಎಳೆದುಬಿಡುತ್ತೇನೆ. 'ಮೂರೇ ತಿಂಗಳಲ್ಲಿ ಕೊಳಲು' ಎಂದು ಮೊಬೈಲಿನಲ್ಲಿ ಹಾದುಹೋಗುವ ಜಾಹೀರಾತುಗಳ ಪರವಾಗಿ ನನಗೆ ಹೇಳಲು ಏನೂ ಇಲ್ಲ. ನೂರಾರು ಜನರನ್ನು ಒಂದೇ ಹೊತ್ತಿಗೆ ಪರದೆಯೆದುರು ಕೂರಿಸಿ, ಎಲ್ಲರ ಮೈಕನ್ನೂ ಮುಚ್ಚಿಸಿ ನಡೆಸುವ ತರಗತಿಯ ಪರವಾಗಿಯೂ ಇಲ್ಲ. ಅಲ್ಲಿ ಶಿಷ್ಯ ಊದಿದ್ದು ಗುರುವಿನ ಕಿವಿಗೆ ಬೀಳುವುದೇ ಇಲ್ಲ. ಯೂಟ್ಯೂಬ್ ನೋಡಿ ಸಿನಿಮಾ ಹಾಡು ಊದುವವರು ಸುಖವಾಗಿರಲಿ, ಅವರ ತಂಟೆ ನಮಗೆ ಬೇಡ. ನಾನು ಹೇಳುತ್ತಿರುವುದು ಒಬ್ಬ ಗುರು, ಒಬ್ಬ ಶಿಷ್ಯ, ವಾರಕ್ಕೊಂದೋ ಎರಡೋ ಸಲ ನಿಗದಿಯಾದ ಹೊತ್ತಿಗೆ ವೀಡಿಯೋದಲ್ಲಿ ಎದುರಾಗಿ ಕಲಿಯುವ ಪಾಠದ ಬಗ್ಗೆ. ನಡುವಿನ ದಿನಗಳಲ್ಲಿ ಶಿಷ್ಯ ತನ್ನ ಅಭ್ಯಾಸವನ್ನು ಧ್ವನಿಮುದ್ರಿಸಿ ವಾಟ್ಸ್ಆ್ಯಪಿನಲ್ಲಿ ಕಳಿಸುತ್ತಾನೆ, ಗುರು ಹಾಡಿ ತಿದ್ದಿ ಮರಳಿಸುತ್ತಾರೆ. ಟೀಕಾಕಾರರು ಆ ಮೂರರ ದೋಷಗಳನ್ನೆಲ್ಲ ತಂದು ಇದರ ತಲೆಗೆ ಕಟ್ಟುತ್ತಾರೆ.

'ಗುರುವಿನ ಬಳಿ ಹೋಗಿ ಕಲಿ' ಎನ್ನುವವರು ಒಂದು ಸಣ್ಣ ಪ್ರಶ್ನೆಗೆ ಉತ್ತರ ಕೊಡುವುದಿಲ್ಲ. ಯಾವ ಗುರು? ಎಲ್ಲಿ? ಹಾಡುಗಾರಿಕೆಗೆ, ಭರತನಾಟ್ಯಕ್ಕೆ ನಮ್ಮ ಪೇಟೆಗಳಲ್ಲಿ ಗುರುಗಳು ಸಿಗುತ್ತಾರೆ. ಚೆಂಡೆ ಮದ್ದಲೆಗೆ ಕೇಳುವುದೇ ಬೇಡ; ಮಂದಾರ್ತಿ, ಮಾರಣಕಟ್ಟೆ, ಸಾಲಿಗ್ರಾಮ ಮೇಳಗಳ ನೆಲ ಇದು, ಹಂಗಾರಕಟ್ಟೆಯಲ್ಲಿ ಯಕ್ಷಗಾನಕ್ಕೆಂದೇ ಕಲಾಕೇಂದ್ರವಿದೆ. ಆದರೆ ಬಡಗುತಿಟ್ಟಿನ ಹಿಮ್ಮೇಳದಲ್ಲಿ ಕೊಳಲಿಗೆ ಜಾಗವಿಲ್ಲ. ಕೊಳಲು ಈ ನೆಲದ ಮನೆತನದ ವಿದ್ಯೆಯಾಗಿ ಬೇರುಬಿಟ್ಟದ್ದೂ ಇಲ್ಲ. ಜಿಲ್ಲೆಯ ದೇವರನ್ನೇ ನೋಡಿ: ಉಡುಪಿಯ ಕೃಷ್ಣನ ಕೈಯಲ್ಲಿರುವುದು ಕಡೆಗೋಲು, ಕೊಳಲಲ್ಲ! ಹುಡುಕಿದರೆ ಪೇಟೆಯಲ್ಲಿ ಒಬ್ಬಿಬ್ಬರು ಕೊಳಲು ಹೇಳಿಕೊಡುವವರು ಸಿಕ್ಕಾರು. ಉಳಿದಂತೆ ಉಡುಪಿ, ಮಂಗಳೂರಿನ ಬಸ್ಸು. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಬೇರೆ ತಾಲ್ಲೂಕುಗಳಾದವು. ತಹಶೀಲ್ದಾರರ ಕಚೇರಿ ಹತ್ತಿರ ಬಂತು, ಕೊಳಲಿನ ಗುರು ಬರಲಿಲ್ಲ. ಬೈಂದೂರಿನಿಂದ ಉಡುಪಿಗೆ ಸುಮಾರು 70 ಕಿಲೋಮೀಟರ್. ಅಮಾಸೆಬೈಲು, ಹೊಸಂಗಡಿಯ ಮಗುವಿಗೆ ಹೆದ್ದಾರಿ ಮುಟ್ಟುವುದೇ ಒಂದು ಪ್ರಯಾಣ. ಶಾಲೆ ಬಿಟ್ಟ ಮೇಲೆ ಹೊರಟು ಪಾಠ ಮುಗಿಸಿ ಅದೇ ರಾತ್ರಿ ಮನೆ ಸೇರುವ ಲೆಕ್ಕ ಎಲ್ಲಿಯೂ ಕೂಡುವುದಿಲ್ಲ. ಅಂಥ ಮಗುವಿಗೆ 'ಎದುರು ಕೂತೇ ಕಲಿಯಬೇಕು' ಎಂದರೆ 'ನೀನು ಕಲಿಯಬೇಡ' ಎಂದೇ ಅರ್ಥ. ಹಾಗೆ ನೇರವಾಗಿ ಹೇಳುವ ಧೈರ್ಯವಿಲ್ಲದ್ದಕ್ಕೆ ಪರಂಪರೆಯ ಹೆಸರು ಹೇಳುತ್ತಾರೆ.

ಹಿಂದೂಸ್ತಾನಿ ಕೊಳಲಿಗೆ ಈಗಿನ ಉದ್ದ, ಈಗಿನ ಗಾಂಭೀರ್ಯ ತಂದವರು ಪನ್ನಾಲಾಲ್ ಘೋಷ್ (1911–1960). ಅವರ ದಾರಿಯಲ್ಲಿ ನಡೆದವರ ಹೆಸರುಗಳನ್ನು ಓದಿಕೊಳ್ಳಿ: ಶಿಷ್ಯರೂ ಅಳಿಯನೂ ಆದ ದೇವೇಂದ್ರ ಮುರ್ಡೇಶ್ವರ, ವಿ.ಜಿ. ಕಾರ್ನಾಡ್, ಮುಂದಿನ ತಲೆಮಾರಿನ ನಿತ್ಯಾನಂದ ಹಳದೀಪುರ. ಮುರ್ಡೇಶ್ವರ ಇರುವುದು ಶಿರೂರಿನ ಗಡಿ ದಾಟಿದರೆ ಸಿಗುವ ಭಟ್ಕಳ ತಾಲ್ಲೂಕಿನಲ್ಲಿ. ಹಳದೀಪುರ ಹೊನ್ನಾವರದ ಪಕ್ಕ, ಕಾರ್ನಾಡು ಮೂಲ್ಕಿಯ ಪಕ್ಕ. ಹೆಸರುಗಳು ನಮ್ಮ ಕರಾವಳಿಯವು. ಪನ್ನಾಲಾಲರು ಇದ್ದದ್ದು ಮುಂಬಯಿಯಲ್ಲಿ, ಆಮೇಲೆ ದೆಹಲಿಯಲ್ಲಿ. ಹೋಟೆಲ್ ಕೆಲಸಕ್ಕೆ ಹೇಗೋ ಹಾಗೆ ಕೊಳಲಿಗೂ ಊರು ಬಿಟ್ಟಿರಬೇಕಿತ್ತು. ಕುಟುಂಬ ಮೊದಲೇ ನಗರದಲ್ಲಿ ನೆಲೆ ನಿಂತವರಿಗೆ ಗುರು ಸಿಕ್ಕರು; ಗದ್ದೆ ಮನೆ ಹಿಡಿದು ಇಲ್ಲೇ ಉಳಿದವರ ಮಕ್ಕಳಿಗೆ ರೇಡಿಯೋ ಸಿಕ್ಕಿತು.

ಇನ್ನು ಅವರ ದೊಡ್ಡ ವಾದಕ್ಕೆ ಬರೋಣ. ಕೊಳಲಿನಲ್ಲಿ ತುಟಿಯ ಕೋನ, ಉಸಿರಿನ ಒತ್ತಡ, ಬೆರಳಿನ ಹದ ಇವೆಲ್ಲವನ್ನೂ ಗುರು ಪಕ್ಕದಲ್ಲಿದ್ದು ಕೈಹಿಡಿದು ತಿದ್ದಬೇಕು, ಪರದೆಯಿಂದ ಅದು ಸಾಧ್ಯವಿಲ್ಲ ಎನ್ನುತ್ತಾರೆ. ಕೇಳಲು ಸರಿಯಾಗಿಯೇ ಇದೆ. ಕೊಳಲಿನ ಚರಿತ್ರೆಯನ್ನು ಒಂದಿಷ್ಟು ತಿರುವಿದರೆ ಮಾತ್ರ ನಿಲ್ಲುವುದಿಲ್ಲ.

ಹರಿಪ್ರಸಾದ್ ಚೌರಾಸಿಯಾ ಅಲಹಾಬಾದಿನ ಪೈಲ್ವಾನರೊಬ್ಬರ ಮಗ, ಹುಟ್ಟಿದ್ದು 1938ರಲ್ಲಿ. ಆರಂಭದಲ್ಲಿ ಭೋಲಾನಾಥ್ ಪ್ರಸನ್ನರಿಂದ ಕೊಳಲು ಕಲಿತರು, ಕಟಕ್ ಆಕಾಶವಾಣಿಯಲ್ಲಿ ಕೆಲಸ ಮಾಡಿದರು. ಆದರೆ ಅವರನ್ನು ಇಂದಿನ ಹರಿಪ್ರಸಾದರನ್ನಾಗಿ ಮಾಡಿದವರು ಅನ್ನಪೂರ್ಣಾದೇವಿ. ಅನ್ನಪೂರ್ಣಾದೇವಿಯವರ ವಾದ್ಯ ಸುರಬಹಾರ್. ಅವರು ಕೊಳಲು ವಾದಕಿಯಲ್ಲ. ತುಟಿ ಹೀಗಿಡು, ಬೆರಳು ಹಾಗಿಡು ಎಂದು ಅವರು ಮಾಡಿ ತೋರಿಸುವ ಪ್ರಶ್ನೆಯೇ ಇರಲಿಲ್ಲ. ಹೊಸದಾಗಿ ಕಲಿಯುವ ಹಟಕ್ಕೆ ಹರಿಪ್ರಸಾದರು ಕೊಳಲನ್ನು ಬಲದಿಂದ ಎಡಕ್ಕೆ ತಿರುಗಿಸಿ ಹಿಡಿದರು ಎಂಬುದು ಸಂಗೀತಲೋಕಕ್ಕೆಲ್ಲ ಗೊತ್ತಿರುವ ಸಂಗತಿ. ಹಾಗೆ ತಿರುಗಿಸಿದ ಮೇಲೆ ಬೆರಳುಗಳನ್ನು ಮತ್ತೆ ಪಳಗಿಸಿಕೊಂಡವರು ಅವರೇ. ನಿತ್ಯಾನಂದ ಹಳದೀಪುರರೂ ಅದೇ ಅನ್ನಪೂರ್ಣಾದೇವಿಯವರ ಶಿಷ್ಯರು. ಪನ್ನಾಲಾಲ್ ಘೋಷರು ಹೆಸರಾಂತ ವಾದಕರಾದ ಮೇಲೆ, 1947ರಲ್ಲಿ, ಶಿಷ್ಯರಾಗಿ ಹೋಗಿ ಕೂತದ್ದು ಬಾಬಾ ಅಲ್ಲಾವುದ್ದೀನ್ ಖಾನರ ಮುಂದೆ, ಅಂದರೆ ಸರೋದಿನ ಮುಂದೆ.

ಕರ್ನಾಟಕ ಸಂಗೀತದಲ್ಲೂ ಇದೇ ಕಥೆ. ಮಾಲಿ ಎಂದೇ ಹೆಸರಾದ ಟಿ.ಆರ್. ಮಹಾಲಿಂಗಂ (1926–1986) ಪಾಠ ಹೇಳಿಸಿಕೊಂಡದ್ದು ಹಾಡುಗಾರಿಕೆ. ಕೊಳಲನ್ನು ತಾವೇ ಹಿಡಿದರು. ಏಳನೆಯ ವಯಸ್ಸಿಗೆ ಮದರಾಸಿನ ಮೈಲಾಪುರದಲ್ಲಿ ಕಛೇರಿ ಮಾಡಿದರು. ದಕ್ಷಿಣದ ಕೊಳಲಿನ ಹಿಡಿತವನ್ನೂ ಬೆರಳುಗಾರಿಕೆಯನ್ನೂ ಬದಲಿಸಿದ ಆ ಮಹಾಶಯನ ತುಟಿಯನ್ನು ಯಾವ ಗುರುವೂ ತಿದ್ದಿರಲಿಲ್ಲ. ಅವರಿಗೂ ಹಿಂದೆ, ಕೊಳಲನ್ನು ಕಛೇರಿಯ ವಾದ್ಯವಾಗಿ ಮುಂದೆ ತಂದ ಕುಂಭಕೋಣದ ಶರಭ ಶಾಸ್ತ್ರಿಗಳಿಗೆ (1872–1904) ಕಣ್ಣು ಕಾಣುತ್ತಿರಲಿಲ್ಲ. ಏಕಲವ್ಯನನ್ನು ನಾನು ಸಾಕ್ಷಿಗೆ ಕರೆಯುವುದಿಲ್ಲ. ಈ ಚರ್ಚೆಯಲ್ಲಿ ಎರಡೂ ಕಡೆಯವರು ಅವನನ್ನು ಬೇಕಾದಷ್ಟು ದಣಿಸಿದ್ದಾರೆ. ಚರಿತ್ರೆಯ ಈ ಮನುಷ್ಯರೇ ಸಾಕು. ಇವರಿಗೆಲ್ಲ ಗುರುವಿದ್ದರು, ಅದನ್ನು ಅಲ್ಲಗಳೆಯುತ್ತಿಲ್ಲ. ಆದರೆ ಗುರು ಕೊಟ್ಟದ್ದು ರಾಗ, ಶ್ರುತಿಯ ನಿಷ್ಠೆ, ಯಾವುದು ಸರಿ ಯಾವುದು ತಪ್ಪು ಎಂಬ ಕಿವಿ. ತುಟಿಯನ್ನು ಪ್ರತಿಯೊಬ್ಬನೂ ತಾನೇ ಕಂಡುಕೊಳ್ಳಬೇಕು, ಏಕೆಂದರೆ ಇಬ್ಬರ ತುಟಿ, ಹಲ್ಲು, ದವಡೆ ಒಂದೇ ತೆರನಾಗಿ ಇರುವುದಿಲ್ಲ. ಗುರುವಿನ ಕೋನವನ್ನು ಹಾಗೇ ನಕಲು ಮಾಡಿದ ಶಿಷ್ಯನಿಗೆ ಬರೀ ಗಾಳಿ ಹೊರಡುವುದುಂಟು.

ಮೇಲಾಗಿ, ತುಟಿ ನೋಡುವುದೇ ಮುಖ್ಯ ಎನ್ನುವುದಾದರೆ ಅದಕ್ಕೆ ಮೊಬೈಲಿನ ಕ್ಯಾಮೆರಾಗಿಂತ ಒಳ್ಳೆಯ ಸಾಧನ ಯಾವುದು? ಸಭಾಂಗಣದ ಚಾಪೆಯ ಮೇಲೆ ನಾಲ್ಕು ಸಾಲಿನಲ್ಲಿ ಕೂತ ಮಕ್ಕಳ ಪೈಕಿ ಮೂರನೆಯ ಸಾಲಿನ ಹುಡುಗಿಯ ತುಟಿಯನ್ನು ಯಾವ ಗುರು ನೋಡುತ್ತಾರೆ? ಗಾಳಿಯ ಎಳೆ ಊದುತೂತಿನ ಆಚೆಯ ಅಂಚಿಗೆ ಬಡಿದು ಸೀಳಿದಾಗಲೇ ನಾದ ಹುಟ್ಟುವುದು. ಕೂದಲೆಳೆಯಷ್ಟು ತಿರುಗಿಸಿದರೂ ಕೇಳಿಸಿಬಿಡುತ್ತದೆ, ನೋಡಬೇಕಾಗಿಯೂ ಇಲ್ಲ.

ಒಬ್ಬರಿಗೊಬ್ಬರು ಪಾಠದ ಬೆಲೆ ಎಲ್ಲಿ ಗೊತ್ತಾಗುತ್ತದೆ ಎಂದರೆ ಅರ್ಧ ತೂತಿನಲ್ಲಿ. ಕರ್ನಾಟಕ ಕೊಳಲಿನ ತೂತುಗಳನ್ನು ಒಂದೊಂದಾಗಿ ಪೂರ್ತಿ ತೆರೆಯುತ್ತ ಹೋದರೆ ಬರುವುದು ಹರಿಕಾಂಭೋಜಿ. ನಮ್ಮ ಸರಳೆ ವರಸೆ ಇರುವುದು ಮಾಯಾಮಾಳವಗೌಳದಲ್ಲಿ. ಅದರ ಶುದ್ಧ ರಿಷಭಕ್ಕೆ, ಶುದ್ಧ ಧೈವತಕ್ಕೆ, ಕಾಕಲಿ ನಿಷಾದಕ್ಕೆ ತೂತನ್ನು ಅಷ್ಟಿಷ್ಟು ಮುಚ್ಚಿ ತೆರೆಯುವ ಹದ ಬೇಕು. ವೀಣೆಯ ಮೆಟ್ಟಿಲಿನಂತೆ ಇಲ್ಲಿ ಬೆರಳನ್ನು ತಡೆದು ನಿಲ್ಲಿಸುವ ಗುರುತಿಲ್ಲ. ಹತ್ತಿಪ್ಪತ್ತು ಮಕ್ಕಳು ಒಟ್ಟಿಗೆ ಸ-ರಿ-ಗ-ಮ ಊದುವಾಗ ಒಬ್ಬನ ರಿಷಭ ಏರಿದ್ದು, ಇನ್ನೊಬ್ಬಳ ಧೈವತ ಕುಸಿದದ್ದು ಆ ಗದ್ದಲದಲ್ಲಿ ಮುಳುಗಿಹೋಗುತ್ತದೆ. ಎರಡು ವರ್ಷ ಕಳೆದು ಜೂನಿಯರ್ ಪರೀಕ್ಷೆಗೆ ಒಬ್ಬೊಬ್ಬರೇ ಊದಬೇಕಾದಾಗ ಬಯಲಾಗುತ್ತದೆ. ಆ ಹೊತ್ತಿಗೆ ತಪ್ಪು ಬೆರಳಿಗೆ ಅಂಟಿರುತ್ತದೆ. ಪರದೆಯಾಚೆಯ ಗುರುವಿಗೆ ಕೇಳಲು ಇರುವುದು ಒಂದೇ ಕೊಳಲು. ಹಾಗಿರುವಾಗ 'ಎದುರಿನ ಪಾಠ' ಎನ್ನಬೇಕಾದದ್ದು ಯಾವುದನ್ನು? ಒಂದೇ ಕೋಣೆಯಲ್ಲಿದ್ದೂ ಕೇಳಿಸದ್ದನ್ನೋ, ನಾನೂರು ಕಿಲೋಮೀಟರ್ ಆಚೆಯಿಂದ ಕೇಳಿಸಿದ್ದನ್ನೋ?

ದೂರದಿಂದ ಕಲಿತರೆ ಕಲೆ ಸಾಯುತ್ತದೆ ಎನ್ನುವವರು ನಮ್ಮದೇ ಊರಿನ ಇನ್ನೊಂದು ಸಂಗತಿಯನ್ನು ಮರೆತಿದ್ದಾರೆ. ಬ್ರಹ್ಮಾವರ ತಾಲ್ಲೂಕಿನ ಗುಂಡ್ಮಿಯ ಕಾಳಿಂಗ ನಾವಡರು ತೀರಿಕೊಂಡದ್ದು 1990ರಲ್ಲಿ, ಮೂವತ್ತೆರಡರ ಆಸುಪಾಸಿನಲ್ಲಿ. ಆಮೇಲೆ ಹುಟ್ಟಿದ ಹುಡುಗರು ಇವತ್ತು ಭಾಗವತಿಕೆಯಲ್ಲಿ ನಾವಡರ ಎಳೆ ಹಿಡಿದು ಹಾಡುತ್ತಾರೆ, ಜನ ತಲೆದೂಗುತ್ತಾರೆ. ಅವರು ನಾವಡರನ್ನು ರಂಗಸ್ಥಳದಲ್ಲಿ ಕಂಡವರಲ್ಲ. ಅವರಿಗೆ ಸಿಕ್ಕ ನಾವಡರು ಕ್ಯಾಸೆಟ್ಟಿನ ನಾವಡರು. ಕ್ಯಾಸೆಟ್ಟು ಹೇಳಿದ್ದನ್ನೇ ಹೇಳುತ್ತದೆ. ತಪ್ಪಿದರೆ ತಿದ್ದುವುದಿಲ್ಲ, ಗದರುವುದಿಲ್ಲ. ಆ ಕಲಿಕೆಯನ್ನು ಪರಂಪರೆ ಎಂದು ಒಪ್ಪಿಕೊಂಡ ನಾವು, ತಪ್ಪಿದ ತಕ್ಷಣ ನಿಲ್ಲಿಸಿ 'ಮತ್ತೊಮ್ಮೆ' ಎನ್ನುವ ಜೀವಂತ ಗುರುವನ್ನು ಪರದೆಯಲ್ಲಿದ್ದಾರೆ ಎಂಬ ಒಂದೇ ಕಾರಣಕ್ಕೆ ಒಪ್ಪುವುದಿಲ್ಲ.

ತಾಂತ್ರಿಕ ತಕರಾರುಗಳಲ್ಲಿ ಕೆಲವು ನಿಜ. 2020ರಲ್ಲಿ ಎಲ್ಲರೂ ಏಕಾಏಕಿ ಮೊಬೈಲಿಗೆ ಬಿದ್ದಾಗ ಕೊಳಲಿನ ನಾದ ಕತ್ತರಿಸಿ ಕತ್ತರಿಸಿ ಬರುತ್ತಿತ್ತು. ಅದಕ್ಕೆ ಕಾರಣವಿದೆ. ವೀಡಿಯೋ ಕರೆಯ ತಂತ್ರಾಂಶಗಳನ್ನು ಕಟ್ಟಿರುವುದು ಮಾತಿಗಾಗಿ. ಒಂದೇ ಸಮನೆ ನಿಂತ ನಾದವನ್ನು ಅವು ಫ್ಯಾನಿನ ಸದ್ದೆಂದು ಎಣಿಸಿ ಅಳಿಸಲು ಹೊರಡುತ್ತವೆ. ಷಡ್ಜ ಎಷ್ಟು ಶುದ್ಧವಾಗಿ ನಿಂತಿತೋ ಅಷ್ಟು ಬೇಗ ಮಾಯ! ಝೂಮಿನಲ್ಲಿ 'ಮೂಲ ಧ್ವನಿ' ಎಂಬ ಆಯ್ಕೆಯನ್ನು ಒತ್ತಿದರೆ, ಫೋನನ್ನು ಊದುತೂತಿನ ನೇರಕ್ಕೆ ಇಡದೆ ಪಕ್ಕಕ್ಕೆ ಒಂದು ತೋಳಿನಷ್ಟು ದೂರ ಇಟ್ಟರೆ, ಕಿವಿಗೆ ಇಯರ್‌ಫೋನ್ ಹಾಕಿಕೊಂಡರೆ ಮುಕ್ಕಾಲು ತೊಂದರೆ ಮುಗಿಯಿತು. ಆ ವರ್ಷದ ಎರಡು ತರಗತಿ ನೋಡಿ ಕೈಬಿಟ್ಟವರು ಇಂದಿಗೂ ಅದೇ ಅನುಭವವನ್ನು ಪ್ರಮಾಣವಾಗಿ ಹಿಡಿದುಕೊಂಡಿದ್ದಾರೆ.

ಗುರು ಶಿಷ್ಯರು ಒಟ್ಟಿಗೆ ಊದಲಾಗದು ಎಂಬುದಂತೂ ಪೂರ್ತಿ ನಿಜ. ಇಬ್ಬರು ಲಯ ತಪ್ಪದೆ ಜೊತೆಯಾಗಿ ನುಡಿಸಬೇಕಾದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ಹೆಚ್ಚೆಂದರೆ 25–30 ಮಿಲಿಸೆಕೆಂಡಿನಲ್ಲಿ ತಲುಪಬೇಕು. ಹತ್ತು ಮೀಟರ್ ಅಂತರದಲ್ಲಿ ಕೂತವರಿಗೆ ಗಾಳಿಯಲ್ಲಿ ಹಿಡಿಯುವ ಹೊತ್ತು ಅಷ್ಟು. ವೀಡಿಯೋ ಕರೆಗೆ ಅದರ ಹಲವು ಪಟ್ಟು ಬೇಕು. ಹಾಗಾಗಿ ಗುರು ಊದುವಾಗ ಶಿಷ್ಯ ಸುಮ್ಮನಿರಬೇಕು, ಶಿಷ್ಯ ಊದುವಾಗ ಗುರು ಸುಮ್ಮನಿರಬೇಕು, ತಂಬೂರಿ ಶಿಷ್ಯನ ಕಡೆಯೇ ಮೊಳಗಬೇಕು. ಇದನ್ನು ಕೊರತೆ ಎನ್ನುವವರನ್ನು ನಾನು ಕೇಳುತ್ತೇನೆ: ಗುರುವಿನ ನಾದದ ಮರೆಯಲ್ಲಿ ತನ್ನ ಅಪಸ್ವರ ಅಡಗಿಸಿಕೊಂಡು ವರ್ಷಗಟ್ಟಲೆ 'ಒಟ್ಟಿಗೆ' ಊದಿದವರನ್ನು ನೀವು ಕಂಡಿಲ್ಲವೇ? ಇಲ್ಲಿ ಅಡಗಲು ಜಾಗವಿಲ್ಲ.

ಆಸಾಡಿ ಮಳೆಗೆ ಕರೆಂಟು ಹೋಗುತ್ತದೆ, ಹೆಂಚಿನ ಮೇಲೆ ಮಳೆ ಹೊಯ್ಯುವಾಗ ಏನೂ ಕೇಳಿಸುವುದಿಲ್ಲ, ಘಟ್ಟದ ಬುಡದಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ. ಒಪ್ಪಿದೆ. ಅಂಥ ದಿನ ಬಸ್ಸಿಗೂ ಯಾರೂ ಮಗುವನ್ನು ಹತ್ತಿಸುವುದಿಲ್ಲ.

ಈಗ ಹೇಳಲು ಇಷ್ಟವಿಲ್ಲದ, ಆದರೆ ಹೇಳಲೇಬೇಕಾದ ಒಂದು ಮಾತು. ಸ್ಕೈಪ್ ಬಂದದ್ದು 2003ರಲ್ಲಿ, ಮುಚ್ಚಿದ್ದು 2025ರ ಮೇ ತಿಂಗಳಲ್ಲಿ. ಆ ಎರಡು ದಶಕ ಅಮೆರಿಕ, ಗಲ್ಫ್, ಇಂಗ್ಲೆಂಡಿನ ನಮ್ಮವರ ಮಕ್ಕಳಿಗೆ ಬೆಂಗಳೂರು, ಮೈಸೂರು, ಚೆನ್ನೈನ ಗುರುಗಳು ಅದರಲ್ಲೇ ಪಾಠ ಹೇಳಿದರು. ಆ ಮಕ್ಕಳು ಬೇಸಿಗೆ ರಜೆಗೆ ಊರಿಗೆ ಬಂದಾಗ ನಮ್ಮ ಸಭೆಗಳು ವೇದಿಕೆ ಕೊಟ್ಟವು, ಶಾಲು ಹೊದೆಸಿದವು, 'ಏಳು ಸಮುದ್ರದಾಚೆಯೂ ಸಂಸ್ಕೃತಿ ಉಳಿಸಿದ್ದಾರೆ' ಎಂದು ಕೊಂಡಾಡಿದವು. ನ್ಯೂಜೆರ್ಸಿಯ ಮಗು ಕಲಿತರೆ ಸಂಸ್ಕೃತಿ, ನಾವುಂದದ ಮಗು ಅದೇ ಗುರುವಿನಿಂದ ಅದೇ ಪರದೆಯಲ್ಲಿ ಕಲಿತರೆ ಶೋಕಿ. ವಿಮಾನದ ದೂರವನ್ನು ನಾವು ದೂರ ಎಂದು ಒಪ್ಪುತ್ತೇವೆ, ಬಸ್ಸಿನ ದೂರವನ್ನು ಸೋಮಾರಿತನ ಎನ್ನುತ್ತೇವೆ. ಇದರಲ್ಲಿ ಸಂಗೀತದ ವಿಚಾರ ಎಳ್ಳಷ್ಟೂ ಇಲ್ಲ.

ಕೊನೆಯ ಅಸ್ತ್ರವಾಗಿ ಅವರು ಗುರುಕುಲವನ್ನು ತರುತ್ತಾರೆ. ಗುರುವಿನ ಮನೆಯಲ್ಲಿದ್ದು ಸೇವೆ ಮಾಡುತ್ತ, ಅವರು ಬೆಳಗ್ಗೆ ಎದ್ದು ಶ್ರುತಿ ಹಿಡಿಯುವುದನ್ನು ಕೇಳುತ್ತ ಕಲಿಯುವುದು ಬೇರೆಯೇ ಎನ್ನುತ್ತಾರೆ. ನಿಜ, ಬೇರೆಯೇ. ಭೀಮಸೇನ ಜೋಶಿಯವರು ಗದಗಿನಲ್ಲಿ ಅಬ್ದುಲ್ ಕರೀಂ ಖಾನರ ಗ್ರಾಮಫೋನ್ ತಟ್ಟೆ ಕೇಳಿ, ಹನ್ನೊಂದರ ಎಳವೆಯಲ್ಲಿ ಗುರುವನ್ನು ಹುಡುಕಿಕೊಂಡು ಮನೆ ಬಿಟ್ಟು ರೈಲು ಹತ್ತಿದ ಕಥೆಯನ್ನು ನಾವೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಅದೇ ಹೆಮ್ಮೆಯಿಂದ ನಮ್ಮ ಹನ್ನೊಂದರ ಮಗಳನ್ನು ಕಳಿಸುತ್ತೇವೆಯೇ? ಗುರುಕುಲದ ಬಾಗಿಲು ಎಲ್ಲರಿಗೂ ತೆರೆದೂ ಇರಲಿಲ್ಲ. ಯಾವ ಜಾತಿಯ ಮಗು ಒಳಗೆ ಊಟಕ್ಕೆ ಕೂರಬಹುದು, ಯಾವುದು ಜಗುಲಿಯಲ್ಲಿ ನಿಲ್ಲಬೇಕು ಎಂಬುದನ್ನು ನಮ್ಮ ಅಜ್ಜಂದಿರ ಕಾಲ ತೀರ್ಮಾನಿಸಿಟ್ಟಿತ್ತು. ಹೆಣ್ಣುಮಕ್ಕಳು ಕೊಳಲು ಊದುವುದು ಚೆಂದವಲ್ಲ ಎಂಬ ಮಾತು ಈಗಲೂ ಸತ್ತಿಲ್ಲ, ಸಿಕ್ಕಿಲ್ ಸಹೋದರಿಯರಾದ ಕುಂಜುಮಣಿ, ನೀಲಾ ಕಛೇರಿ ಮಾಡಿ ಪದ್ಮಶ್ರೀ ಪಡೆದ ಮೇಲೆಯೂ. ಇವತ್ತು ಸಿದ್ದಾಪುರದ ಕಡೆಯ ಹುಡುಗಿ ರಾತ್ರಿ ಏಳಕ್ಕೆ ತನ್ನ ಮನೆಯ ಚಾವಡಿಯಲ್ಲಿ ಕೂತು ಧಾರವಾಡದ ಗುರುವಿಗೆ ಪಾಠ ಒಪ್ಪಿಸಬಹುದು. ಅವಳ ಅಪ್ಪನ ಕಸುಬು, ಮನೆ ಹೆಸರು, ಕತ್ತಲಾದ ಮೇಲಿನ ದಾರಿ ಯಾವುದೂ ಅಡ್ಡ ಬರುವುದಿಲ್ಲ. ಪರಂಪರೆಯ ರಕ್ಷಕರಿಗೆ ಇದು ನಷ್ಟವಾಗಿ ಕಾಣುವುದಾದರೆ ನಮ್ಮ ಲೆಕ್ಕದ ಪುಸ್ತಕಗಳೇ ಬೇರೆ.

ಇಷ್ಟೆಲ್ಲ ಶುದ್ಧತೆಯ ಚಿಂತೆ ಇರುವವರು ಕೋಟೇಶ್ವರದ ಕೊಡಿಹಬ್ಬದಲ್ಲಿ ಮಾರುವ ಕೊಳಲುಗಳ ಬಗ್ಗೆ ಏನೂ ಹೇಳುವುದಿಲ್ಲ, ಅದು ನನಗೆ ಸೋಜಿಗ. ಹೊಸ ಜೋಡಿಗಳು ಕಬ್ಬಿನ ಕೊಡಿ ಹಿಡಿದು ಮನೆಗೆ ಹೋಗುವ ಅದೇ ಹಬ್ಬದಲ್ಲಿ ಮಕ್ಕಳ ಕೈಗೆ ಬರುವ ಜಾತ್ರೆಯ ಕೊಳಲಿಗೆ ಶ್ರುತಿಯೆಂಬುದು ಇರುವುದಿಲ್ಲ. ಅದನ್ನು ವರ್ಷಗಟ್ಟಲೆ ಊದಿ, ತನಗೇ ಸಂಗೀತ ಬರುವುದಿಲ್ಲ ಎಂದು ನಂಬಿ ಅಟ್ಟಕ್ಕೆ ಎಸೆದವರು ಎಷ್ಟು ಮಂದಿ! ಆನ್‌ಲೈನ್ ಗುರು ಮೊದಲ ಪಾಠದಲ್ಲೇ ಮಾಡುವ ಉಪಕಾರ ಇದು: ಆ ಕೊಳಲನ್ನು ಬದಿಗಿಡಿಸಿ, ಮಗುವಿನ ಬೆರಳಿನ ಉದ್ದಕ್ಕೆ ಹೊಂದುವ, ಶ್ರುತಿ ಕೂಡಿಸಿದ ಕೊಳಲನ್ನು ಕೊರಿಯರಿನಲ್ಲಿ ತರಿಸುವುದು.

ಒಂದು ಕಡೆ ಮಾತ್ರ ವಿರೋಧಿಗಳ ಮಾತಿಗೆ ನಾನು ತಲೆಬಾಗುತ್ತೇನೆ. ಪರದೆಯ ಪಾಠದಲ್ಲಿ ಲಯ ಸೊರಗುತ್ತದೆ. ತಾಳದ ಆ್ಯಪ್ ಹಾಕಿಕೊಂಡು ಊದಿದ ಮಗು ಮನುಷ್ಯರ ಜೊತೆ ಕೂತಾಗ ತಬ್ಬಿಬ್ಬಾಗುತ್ತದೆ, ಏಕೆಂದರೆ ಆ್ಯಪು ಕಾಯುವುದೂ ಇಲ್ಲ, ಕೆಣಕುವುದೂ ಇಲ್ಲ. ಆದರೆ ಈ ಕೊರತೆಯನ್ನು ತುಂಬುವ ಸಂಪತ್ತು ಎಲ್ಲಿದೆ? ನಮ್ಮಲ್ಲೇ. ಕೊಳಲಿನ ಗುರುವಿಗೆ ಬರಗಾಲವಿರುವ ಈ ಮೂರು ತಾಲ್ಲೂಕುಗಳಲ್ಲಿ ತಾಳ ಬಲ್ಲವರಿಗೆ ಬರವಿಲ್ಲ. ಭಜನಾ ಮಂಡಳಿ ಊರೂರಿಗೂ ಇದೆ, ಮದ್ದಲೆ, ಮೃದಂಗ, ತಬಲ ನುಡಿಸುವವರು ಇದ್ದಾರೆ. ಆನ್‌ಲೈನಿನಲ್ಲಿ ಕಲಿಯುವ ಮಗುವನ್ನು ಶನಿವಾರದ ಭಜನೆಯಲ್ಲಿ ಕೂರಿಸಿಕೊಳ್ಳಿ, ತಪ್ಪಿದರೆ ಮತ್ತೆ ಎತ್ತಿಕೊಡಿ. ರಾಗ ಧಾರವಾಡದಿಂದಲೋ ಮೈಸೂರಿನಿಂದಲೋ ಬರಲಿ, ತಾಳವನ್ನು ಊರು ಕೊಡಲಿ. ನಗುವುದಕ್ಕೆ ಖರ್ಚಾಗುವ ಹೊತ್ತಿನಲ್ಲಿ ಇಷ್ಟನ್ನು ಮಾಡಬಹುದಿತ್ತು.

ಹಾಗಾಗಿ ಮೂರೂ ತಾಲ್ಲೂಕುಗಳ ಸಂಗೀತ ಸಭೆಗಳಲ್ಲಿ, ದೇವಸ್ಥಾನ ಸಮಿತಿಗಳಲ್ಲಿ ನನ್ನ ವಿನಂತಿ ಇಷ್ಟು. ಬರುವ ನವರಾತ್ರಿಗೆ ಕೊಳಲು ಕಲಿಯುತ್ತಿರುವ ಮಕ್ಕಳಿಗೆ ತಲಾ ಹತ್ತು ನಿಮಿಷ ಕೊಡಿ, ಪಕ್ಕವಾದ್ಯಕ್ಕೆ ಊರಿನವರನ್ನೇ ಕೂರಿಸಿ. ಯಾರು ಎಲ್ಲಿ, ಯಾರ ಬಳಿ, ಯಾವ ರೀತಿ ಕಲಿತರು ಎಂಬುದನ್ನು ನಿರೂಪಕರು ಮೊದಲು ಹೇಳುವುದು ಬೇಡ. ಶ್ರುತಿ ಜಾರಿದರೆ, ತಾಳ ಬಿದ್ದರೆ ಮಗುವನ್ನು ಪಕ್ಕಕ್ಕೆ ಕರೆದು ಹೇಳಿ. ಮೊಬೈಲಿನಿಂದ ಕೊಳಲು ಬರುವುದಿಲ್ಲ ಎಂಬ ಭಾಷಣವನ್ನು ಅಷ್ಟೂ ಮಕ್ಕಳನ್ನು ಕೇಳಿದ ಮೇಲೆ ಮಾಡಿ.